ಹದಿನೈದನೆಯ ಮತ

ಆ ಪೋಲಿಷ್ ಊರಿನ ಪುರಸಭೆಯ ಕಟ್ಟಡದ ಮೇಲೆ ಮೂರೂವರೆ ವರ್ಷದಿಂದ ಹಾರುತ್ತಿದ್ದ ಉಕ್ರೇನಿನ ಬಾವುಟವನ್ನು ಇಳಿಸಬೇಕೆಂಬ ಮಾತು ಆ ಅಕ್ಟೋಬರಿನಲ್ಲಿ ಸಭೆಗೆ ಬಂತು. ಅದರ ಬೆನ್ನಿಗೇ ಇನ್ನೊಂದು ಮಾತೂ ಇತ್ತು. ಗಡಿಯಾಚೆ ಉಕ್ರೇನಿನಲ್ಲಿ ತಮ್ಮ ಊರು ನಂಟು ಬೆಳೆಸಿದ್ದ ಸ್ನೇಹದ ಊರಿಗೆ ಕೊಡುತ್ತೇವೆಂದು ಒಪ್ಪಿಕೊಂಡಿದ್ದ ಹಳೆಯ ಬೆಂಕಿ ಆರಿಸುವ ಲಾರಿಯನ್ನು ಕೊಡುವುದು ಬೇಡ, ಇಲ್ಲೇ ಇಟ್ಟುಕೊಳ್ಳೋಣ ಎಂದು. ಹದಿನೈದು ಜನ ಸದಸ್ಯರಲ್ಲಿ ಏಳು ಮಂದಿ ಹೌದೆನ್ನುವವರು, ಏಳು ಮಂದಿ ಅಲ್ಲವೆನ್ನುವವರು. ಉಳಿದವಳು ಹೂವಿನಂಗಡಿಯ ಗ್ರಾಜಿನಾ.

ಯುದ್ಧ ಶುರುವಾದ ವಾರ ಇಡೀ ಊರಿನಲ್ಲಿ ಮೊದಲು ಗಡಿಗೆ ಕಾರು ಓಡಿಸಿಕೊಂಡು ಹೋದವಳು ಅವಳೇ. ಹಿಮ ಸುರಿಯುವಾಗ ಅಲ್ಲಿ ನಿಂತಿದ್ದ ಯಾರಿನಾ ಎಂಬ ಹೆಂಗಸನ್ನೂ ಅವಳ ನಾಲ್ಕು ವರ್ಷದ ಮಗಳನ್ನೂ ಕರೆತಂದು ಅಂಗಡಿಯ ಮೇಲಿನ ಕೋಣೆಯಲ್ಲಿ ಇರಿಸಿಕೊಂಡಳು. ಮಗುವನ್ನು ಎತ್ತಿಕೊಂಡ ಅವಳ ಚಿತ್ರ ಪತ್ರಿಕೆಯಲ್ಲಿ ಬಂತು. ಚರ್ಚಿನಲ್ಲಿ ಜನ ಎದ್ದು ಜಾಗ ಬಿಟ್ಟರು. ಎರಡು ವರ್ಷದ ನಂತರ ಪುರಸಭೆಯ ಚುನಾವಣೆಗೆ ನಿಂತಾಗ ಆ ಚಿತ್ರವೇ ಅವಳನ್ನು ಗೆಲ್ಲಿಸಿತು.

ವರ್ಷಗಳು ಕಳೆದಂತೆ ಊರಿನ ನಾಲಿಗೆ ತಿರುಗಿತು. ಔಷಧಿ ಅಂಗಡಿಯ ಸಾಲಿನಲ್ಲಿ, ಬಸ್ಸಿನಲ್ಲಿ, ಎಲ್ಲೆಲ್ಲೂ ಗೊಣಗಾಟ. "ಇನ್ನೂ ಎಷ್ಟು ವರ್ಷ ಅಂತೆ?" "ಅವರು ಗೆಲ್ಲೋದೂ ಇಲ್ಲ, ಬಿಡೋದೂ ಇಲ್ಲ." ಗ್ರಾಜಿನಾ ಮೊದಮೊದಲು ಜಗಳಕ್ಕೇ ನಿಲ್ಲುತ್ತಿದ್ದಳು. ಆಮೇಲೆ ಸುಮ್ಮನಾದಳು. ಆಮೇಲೆ ಹೌದೌದೆಂದು ತಲೆಯಾಡಿಸತೊಡಗಿದಳು. ಅದಕ್ಕೆ ರಾಜಕೀಯ ಕಾರಣವಲ್ಲವೆಂದು ಅವಳೊಬ್ಬಳಿಗೇ ಗೊತ್ತಿತ್ತು.

ಯಾರಿನಾ ಅವಳ ಅಂಗಡಿಯಲ್ಲೇ ಮಾಲೆ ಕಟ್ಟುವುದನ್ನು ಕಲಿತು, ಬೇರೆ ಮನೆ ಹಿಡಿದು, ಸ್ಮಶಾನದ ಗೇಟಿನ ಬಳಿ ಸ್ವಂತ ಅಂಗಡಿ ಇಟ್ಟಿದ್ದಳು. ಅದನ್ನಾದರೂ ಗ್ರಾಜಿನಾ ಸಹಿಸಿಕೊಂಡಾಳು. ಸಹಿಸಲಾಗದ್ದು ಬೇರೆ. ಎಂಬತ್ತನಾಲ್ಕು ವರ್ಷದ ಅವಳ ತಾಯಿ ಸ್ಟೆಫಾನಿಯಾ ಈಗ ಯಾರಿನಾಳಿಗಾಗಿ ದಾರಿ ಕಾಯುತ್ತಿದ್ದಳು.

ಸಭೆಯ ದಿನ ಮಧ್ಯಾಹ್ನ ಆಲೂಗಡ್ಡೆ ಹೂರಣದ ಕಡುಬು ಮಾಡಿಕೊಂಡು ಗ್ರಾಜಿನಾ ತಾಯಿಯ ಮನೆಗೆ ಹೋದಳು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕಿಟಕಿಯ ಹತ್ತಿರ ಯಾರಿನಾ ಮುದುಕಿಯ ತಲೆ ಬಾಚುತ್ತಿದ್ದಳು. ತಾಯಿ ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದಳು, ಅದೂ ಉಕ್ರೇನಿನ ಭಾಷೆಯಲ್ಲಿ. ಗ್ರಾಜಿನಾ ಹೊಸ್ತಿಲಲ್ಲೇ ನಿಂತುಬಿಟ್ಟಳು. ತಾಯಿಗೆ ಹಾಡಲು ಬರುತ್ತದೆಂಬುದೇ ಅವಳಿಗೆ ಗೊತ್ತಿರಲಿಲ್ಲ.

"ಇನ್ನೊಂದ್ಸಲ ಹೇಳಜ್ಜಿ."

"ಸಾಕು ಕಣೇ ಹುಡುಗಿ, ಉಸಿರು ಸಾಲಲ್ಲ," ಎಂದು ನಗುತ್ತ ಕಣ್ಣು ಬಿಟ್ಟ ಮುದುಕಿ ಮಗಳನ್ನು ಕಂಡು ನಗು ನಿಲ್ಲಿಸಿದಳು.

"ಯಾವ ಹಾಡಮ್ಮಾ ಅದು?"

"ಹಾಡೂ ಇಲ್ಲ, ಏನೂ ಇಲ್ಲ. ಸುಮ್ನೆ ಗುನುಗ್ತಿದ್ದೆ. ಕಡುಬು ತಂದ್ಯಾ? ಇವಳು ಬೀಟ್‌ರೂಟ್ ಸಾರು ಮಾಡಿ ಕುಡಿಸಿದ್ಲು, ಹೊಟ್ಟೆ ತುಂಬಿದೆ. ಫ್ರಿಜ್ಜಲ್ಲಿಟ್ಟು ಹೋಗು."

ಯಾರಿನಾ ಬಾಚಣಿಗೆ ಕೆಳಗಿಟ್ಟಳು. "ಬನ್ನಿ ಅಕ್ಕಾ, ಜಡೆ ನೀವೇ ಹಾಕಿ."

"ಬೇಡ, ಶುರು ಮಾಡಿದೋಳು ನೀನೇ ಮುಗಿಸು," ಎಂದಳು ಗ್ರಾಜಿನಾ. ಹಿತ್ತಲ ಗಿಡ ಮದ್ದಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡು ಮೆಟ್ಟಿಲಿಳಿದಳು.

ಐದು ಗಂಟೆಗೆ ಸಭೆ. ನಿರ್ಣಯ ತಂದಿದ್ದ ಜೆನೊನ್ ಬಾಗಿಲಲ್ಲೇ ಅವಳನ್ನು ಹಿಡಿದುಕೊಂಡ. "ಗ್ರಾಜಿನಾ ಅವರೇ, ಮೊದಲು ನಮ್ಮನೆ, ಆಮೇಲೆ ನೆರೆಮನೆ. ಇಷ್ಟೇ ನಾನು ಹೇಳೋದು."

"ನನಗೆ ಪಾಠ ಬೇಡ ಜೆನೊನ್. ನೀವು ಟೀವಿ ನೋಡ್ತಾ ಕೂತಿದ್ದಾಗ ನಾನು ಗಡೀಲಿದ್ದೆ."

ಆದರೆ ಮಾತಾಡಲು ಎದ್ದಾಗ ಹಿಂದಿನ ಬೆಂಚಿನಲ್ಲಿ ಯಾರಿನಾ ಕಂಡಳು. ಅವಳ ತಮ್ಮ ಆ ಸ್ನೇಹದ ಊರಿನ ಬೆಂಕಿ ಆರಿಸುವ ದಳದಲ್ಲೇ ಕೆಲಸ ಮಾಡುತ್ತಿದ್ದ. ಕ್ಷಿಪಣಿ ಬಿದ್ದು ಅವರ ಎರಡು ಲಾರಿಗಳಲ್ಲಿ ಒಂದು ಸುಟ್ಟುಹೋಗಿತ್ತು. ಇದೆಲ್ಲ ಗ್ರಾಜಿನಾಳಿಗೆ ಗೊತ್ತಿತ್ತು. ಅವಳು ಬರೆದುಕೊಂಡು ಬಂದಿದ್ದ ಚೀಟಿಯಲ್ಲಿ ಲಾರಿ ಕೊಡೋಣ ಎಂದೇ ಇತ್ತು.

"ನಾವು ಬಾಗಿಲು ತೆಗೆದ್ವಿ," ಎಂದು ಶುರುಮಾಡಿದವಳ ಬಾಯಿಂದ ಬೇರೆಯೇ ಮಾತು ಬಂತು. "ಬಂದವರು ಜಗಲಿಯಿಂದ ನಡುಮನೆಗೆ ಬಂದ್ರು, ನಡುಮನೆಯಿಂದ ಒಳಮನೆಗೆ ಬಂದ್ರು. ಕಡೆಗೆ ನಮ್ಮ ಅಮ್ಮಂದಿರನ್ನೂ ನಮಗೆ ಬಿಡ್ಲಿಲ್ಲ!"

ಅಮ್ಮಂದಿರ ಮಾತು ಎಲ್ಲಿಂದ ಬಂತೆಂದು ಯಾರಿಗೂ ತಿಳಿಯಲಿಲ್ಲ. ಆಸ್ಪತ್ರೆಯಲ್ಲಿ ಮುದುಕರು ಸಾಲುಗಟ್ಟಿ ಕಾಯುವುದರ ಬಗ್ಗೆ ಇರಬೇಕೆಂದು ತಾವೇ ಅರ್ಥ ಮಾಡಿಕೊಂಡು ಚಪ್ಪಾಳೆ ತಟ್ಟಿದರು. ಗಡಿಯಿಂದ ಬಂದಾಗಲೂ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ. ಗ್ರಾಜಿನಾ ನಿರ್ಣಯದ ಪರವಾಗಿ ಕೈಯೆತ್ತಿದಳು. ಎಂಟಕ್ಕೆ ಏಳು. ಅವಳು ತಿರುಗಿ ನೋಡುವ ಹೊತ್ತಿಗೆ ಹಿಂದಿನ ಬೆಂಚು ಖಾಲಿಯಾಗಿತ್ತು.

ಮರುದಿನ ಬೆಳಿಗ್ಗೆ ತಾಯಿಗೆ ಸುದ್ದಿ ಮುಟ್ಟಿತ್ತು. "ಲಾರಿ ಕೊಡಲ್ಲ ಅಂದ್ಯಂತೆ," ಎಂದಳು, ಮಗಳ ಮುಖ ನೋಡದೆ.

"ಪುರಸಭೆ ಅಂದಿದ್ದು."

"ಪುರಸಭೆ ನಂಗೇನು ಗೊತ್ತು? ಮಗಳು ಗೊತ್ತು."

ಗ್ರಾಜಿನಾಳಿಗೆ ತಡೆಯಲಾಗಲಿಲ್ಲ. "ಮಗಳು ಗೊತ್ತಾ? ಐವತ್ತಾರು ವರ್ಷದಲ್ಲಿ ನಂಗೆ ಒಂದಿನ ಹಾಡಿದ್ಯಾ? ಒಂದೇ ಒಂದು ಜೋಗುಳ? ನಿನ್ನೆ ಮೊನ್ನೆ ಬಂದೋಳಿಗೆ ಬೆಣ್ಣೆ, ನನ್ನ ಕಣ್ಣಿಗೆ ಸುಣ್ಣ!"

ಮುದುಕಿ ಮಗಳ ಕಡೆ ತಿರುಗಿದಳು. ಆಮೇಲೆ ಹೇಳಿದಳು: "ನಮ್ಮಮ್ಮ ಉಕ್ರೇನಿನೋಳು ಕಣೇ. ದೊಡ್ಡ ಯುದ್ಧ ಮುಗಿದ ಮೇಲೆ, ನಲವತ್ತೇಳರಲ್ಲಿ, ಇಲ್ಲಿನ ಸರ್ಕಾರದೋರು ಅವಳ ಕಡೆಯೋರನ್ನೆಲ್ಲ ರೈಲಿಗೆ ತುಂಬಿ ಎಲ್ಲೆಲ್ಲಿಗೋ ಸಾಗಿಸಿದ್ರು. ಅಪ್ಪ ಯಾರ್ಯಾರದೋ ಕಾಲು ಹಿಡಿದು, ಇವಳೂ ಪೋಲಿಷ್ ಹೆಂಗಸೇ ಅಂತ ಬರೆಸಿ ಉಳಿಸಿಕೊಂಡ. ಅವತ್ತಿಂದ ಅಮ್ಮ ಮನೇಲಿ ಆ ಭಾಷೆ ಆಡ್ಲಿಲ್ಲ. ಕೊಟ್ಟಿಗೇಲಿ ಹಾಲು ಕರೆಯೋವಾಗ ಮಾತ್ರ, ಹಸುವಿನ ಕಿವಿಗೆ ಹಾಡ್ತಿದ್ಲು. ನಾನು ನಿಂಗೆ ಹಾಡಿದ್ರೆ ನೀನು ಬೀದೀಲಿ ಹಾಡ್ತಿದ್ದೆ. ಮಕ್ಕಳು ಕಲ್ಲು ಹೊಡೀತಿದ್ರು."

"ಹಾಗಾದ್ರೆ ಅವಳಿಗೆ ಯಾಕೆ ಹಾಡಿದೆ?"

"ಅವಳು ಹೊಡೆಸಿಕೊಂಡೇ ಬಂದೋಳು. ಅವಳಿಂದ ಏನು ಬಚ್ಚಿಡಲಿ?"

ಕನಿಕರ ಬರಬೇಕಾದ ಜಾಗದಲ್ಲಿ ಗ್ರಾಜಿನಾಳಿಗೆ ಮೊದಲು ಬಂದದ್ದು ಮತ್ತೆ ಹೊಟ್ಟೆಯುರಿಯೇ. ಅಜ್ಜಿ ತನ್ನವಳು, ಹಸು ತನ್ನ ಮನೆಯದು, ಕೇಳಿಸಿಕೊಂಡವಳು ಮಾತ್ರ ಬೇರೆಯವಳು. ನಾಚಿಕೆ ಬಂದದ್ದು ಆಮೇಲೆ, ಅಂಗಡಿಯ ಬಾಗಿಲು ತೆಗೆದು ಸೇವಂತಿಗೆ ಕುಂಡಗಳನ್ನು ಹೊರಗೆ ಜೋಡಿಸುವಾಗ. ಎದುರಿಗಿದ್ದ ಪುರಸಭೆಯ ಮೇಲೆ ಇಬ್ಬರು ಆಳುಗಳು ಬಾವುಟ ಬಿಚ್ಚುತ್ತಿದ್ದರು. ದಾರಿಹೋಕನೊಬ್ಬ, "ಭೇಷ್, ಗ್ರಾಜಿನಾ ಅವರೇ!" ಎಂದು ಟೋಪಿ ಎತ್ತಿದ. ಅವಳು ಕುಂಡಗಳನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನವೆಂಬರಿನ ಮೊದಲಲ್ಲಿ, ಗೋರಿಗಳಿಗೆ ಹೂವಿಡುವ ಸತ್ತವರ ಹಬ್ಬ ಕಳೆದ ಮೇಲೆ ಯಾರಿನಾ ಸಮುದ್ರದ ಕಡೆಯ ಊರಿಗೆ, ಚಿಕ್ಕಮ್ಮನ ಮಗಳಿದ್ದಲ್ಲಿಗೆ ಹೊರಟಳು. ಹೊರಡುವ ಮುನ್ನ ಮಗಳ ಕೈ ಹಿಡಿದುಕೊಂಡು ಹೂವಿನಂಗಡಿಗೆ ಬಂದಳು.

"ಹೋಗ್ಬರ್ತೀವಿ ಅಕ್ಕಾ. ಗಡೀಲಿ ನೀವು ಇವಳನ್ನ ಎತ್ಕೊಂಡಿದ್ದು ಮರೆಯಲ್ಲ." ಎದುರಿನ ಪುರಸಭೆಯ ಕಡೆ ನೋಡಿ, "ಇದನ್ನೂ ಮರೆಯಲ್ಲ," ಎಂದಳು.

"ನನ್ನಿಂದ ತಪ್ಪಾಯ್ತು ಯಾರಿನಾ."

"ನನ್ನ ಹತ್ರ ಹೇಳಿ ಏನು ಬಂತಕ್ಕಾ? ಅಲ್ಲಿ ಎದ್ದು ನಿಂತು ಹೇಳಿ."

ಗ್ರಾಜಿನಾ ನವೆಂಬರಿನ ಸಭೆಯಲ್ಲಿ ಎದ್ದು ನಿಂತು, ತಪ್ಪು ನನ್ನದು, ಲಾರಿ ಕೊಡೋಣ ಎಂದು ಹೇಳಿದಳು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ನಿರ್ಣಯ ಒಮ್ಮೆ ಆದ ಮೇಲೆ ಆಯಿತು ಎಂದ ಜೆನೊನ್. ಅವಳ ಮಾತನ್ನು ಮತಕ್ಕೆ ಹಾಕಿದಾಗ, ಹಿಂದೆ ಆ ನಿರ್ಣಯವನ್ನು ವಿರೋಧಿಸಿದ್ದ ಏಳು ಮಂದಿಯಲ್ಲೂ ಇಬ್ಬರು ಊರಿನ ಗಾಳಿ ನೋಡಿ ಆಚೆ ಸರಿದಿದ್ದರು. ಲಾರಿ ಅಂಗಳದಲ್ಲೇ ಉಳಿಯಿತು.

ತಾಯಿಗೆ ಕೈ ನಡುಗುವ ಕಾಯಿಲೆ, ಫೋನು ಹಿಡಿಯಲಾಗುವುದಿಲ್ಲ. ಭಾನುವಾರ ಚರ್ಚಿನಿಂದ ಬಂದ ಮೇಲೆ ಗ್ರಾಜಿನಾಳೇ ಯಾರಿನಾಳ ನಂಬರು ಒತ್ತಿ, ತಾಯಿಯ ಕಿವಿಯ ಹತ್ತಿರ ಹಿಡಿದು ಕೂರುತ್ತಾಳೆ. ಇಬ್ಬರೂ ತಮ್ಮ ಭಾಷೆಯಲ್ಲಿ ಮಾತಾಡಿ ನಗುತ್ತಾರೆ. ಅವಳಿಗೆ ಅಲ್ಲೊಂದು ಇಲ್ಲೊಂದು ಪದ ಅರ್ಥವಾಗುತ್ತದೆ. ಹೊಟ್ಟೆಯುರಿ ಹೋಗಿಲ್ಲ, ಪ್ರತಿ ಭಾನುವಾರವೂ ಅದು ಅವಳ ಜೊತೆಗೇ ಬಂದು ಕೂರುತ್ತದೆ. ಆದರೂ ತಾಯಿ, "ಸಾಕು, ಇಡು," ಎಂದಾಗ ಅವಳು, "ಅಷ್ಟೇನಾ? ಮಗು ಹೇಗಿದೆ ಅಂತ ಕೇಳೇ ಇಲ್ಲವಲ್ಲಮ್ಮಾ," ಎನ್ನುತ್ತಾಳೆ.