ಎಲ್ಲ ಬಾಗಿಲ ಮುಂದೂ ಒಂದೇ ಸ್ವೆಟರ್

ತಾವಿರುವ ಕಟ್ಟಡದ ಕೆಳಗೆ ಪಾರ್ಸೆಲ್ ಲಾಕರ್ ಬಂದಾಗಿನಿಂದ ಅತ್ತೆಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬ್ಯಾಟರಿ ಗಾಡಿಯಲ್ಲಿ ಪಾರ್ಸೆಲ್ ತಂದು ಲಾಕರಿನ ಪೆಟ್ಟಿಗೆಗಳಲ್ಲಿ ಇಟ್ಟುಹೋಗುವವಳು ಅವಳ ಸೊಸೆಯೇ. ಇಟ್ಟ ಕೂಡಲೇ ಪಾರ್ಸೆಲ್‌ನವರ ಮೊಬೈಲಿಗೆ ಒಂದು ನಂಬರ್ ಬರುತ್ತದೆ. ಇಳಿದು ಬಂದು ಒತ್ತಿದರೆ ಬಾಗಿಲು ಟಪ್ಪನೆ ತೆರೆಯುತ್ತದೆ. ಮೊದಲಾದರೆ ಹೊಗೆ ಉಗುಳುವ ವ್ಯಾನು, ಮನೆಮನೆಗೂ ಮೆಟ್ಟಿಲು, ಬೀಗ ಹಾಕಿದ ಮನೆಗೆ ಮರುದಿನ ಮತ್ತೆ ಸುತ್ತು. ಸೊಸೆ ಬರುವಷ್ಟರಲ್ಲಿ ಅಡುಗೆ ಆರಿಹೋಗಿರುತ್ತಿತ್ತು. ಈಗ ಬೆಳಕಿರುವಾಗಲೇ ಬರುತ್ತಾಳೆ. ಇಬ್ಬರೂ ಜೊತೆಗೆ ಉಣ್ಣುತ್ತಾರೆ, ಜಗಳವನ್ನೂ ಬಿಸಿಬಿಸಿಯಾಗಿ ಆಡುತ್ತಾರೆ.

ಆದರೆ ಲಾಕರ್ ಇನ್ನೂ ಪರೀಕ್ಷೆಗೆ ಇಟ್ಟದ್ದು. ಜನ ಬಳಸದಿದ್ದರೆ ಕಿತ್ತುಕೊಂಡು ಹೋಗುತ್ತೇವೆಂದು ಕಂಪನಿ ಹೇಳಿತ್ತು. ಜನವೋ, ಮಹಾ ಸೋಮಾರಿಗಳು. "ನಾವೇ ಇಳಿದು ಬರಬೇಕಾ?" ಎಂದು ಮೂತಿ ತಿರುವಿದರು. ಅತ್ತೆ ಸುಮ್ಮನಿರುತ್ತಾಳೆಯೇ? "ನಂಬರ್ ಹೇಳಿ ಸಾಕು, ನಾನು ತಂದ್ಕೊಡ್ತೀನಿ" ಎಂದು ಟೊಂಕ ಕಟ್ಟಿ ನಿಂತಳು. ಸೊಸೆಯ ಗಾಡಿ ಮರೆಯಾಗುವುದೇ ತಡ, ಪೆಟ್ಟಿಗೆಗಳನ್ನೆಲ್ಲ ಟಪಟಪನೆ ತೆಗೆದು, ಏದುಸಿರು ಬಿಡುತ್ತಾ ಮನೆಮನೆಗೆ ಹಂಚುತ್ತಿದ್ದಳು. ಮರುದಿನ ಖಾಲಿ ಪೆಟ್ಟಿಗೆ ಕಂಡು ಸೊಸೆ ಹಿಗ್ಗಿ ಹೀರೇಕಾಯಿಯಾಗುತ್ತಿದ್ದಳು. ಆ ಹಿಗ್ಗು ನೋಡಿ ಅತ್ತೆಗೂ ಹಿಗ್ಗು.

ಒಂದು ಸಂಜೆ ಸೊಸೆ ಮುಖ ಊದಿಸಿಕೊಂಡು ಬಂದಳು.

"ಅತ್ತೆ, ಲಾಕರ್ ಕ್ಯಾಮೆರಾದಲ್ಲಿ ಯಾರಿದಾರೆ ಗೊತ್ತಾ? ಎಲ್ಲ ಬಾಗಿಲ ಮುಂದೂ ಒಂದೇ ಕೆಂಪು ಸ್ವೆಟರ್! ಈ ಕಟ್ಟಡದಲ್ಲಿ ಬಳಸೋರು ಒಬ್ಬರೇ ಅಂತ ಲೆಕ್ಕ ಹಾಕಿದಾರೆ. ನಾಳೆ ನಮ್ಮ ಕಂಪನಿ ಮೇಡಂ ಬರ್ತಾರೆ. ಹೀಗೇ ಇದ್ರೆ ಲಾಕರ್ ಎತ್ತಿಸಿಬಿಡ್ತಾರೆ."

ಅತ್ತೆ ಆ ಕ್ಷಣವೇ ಚಪ್ಪಲಿ ಮೆಟ್ಟಿ ಹೊರಟಳು. ಒಂದೊಂದು ಬಾಗಿಲೂ ಬಡಿದು ಅದೇ ಮಾತು: "ನಾಳೆ ನಿಮ್ಮ ಪಾರ್ಸೆಲ್ ನೀವೇ ತಗೊಳ್ಳಿ. ನಾನಂತೂ ಮುಟ್ಟಲ್ಲ. ನೀವು ಇಳೀದಿದ್ರೆ ನನ್ನ ಸೊಸೆ ಮತ್ತೆ ಕತ್ತಲಾದ ಮೇಲೇ ಮನೆಗೆ ಬರೋದು!"

ಮರುದಿನ ಪೆಟ್ಟಿಗೆಗಳೆಲ್ಲ ಭರ್ತಿ, ಮೆಟ್ಟಿಲು ಮಾತ್ರ ಖಾಲಿ. ಮೇಡಂ ಎರಡು ಸಲ ಗಡಿಯಾರ ನೋಡಿದರು. ಅತ್ತೆಯ ಕೈ ತುರಿಸುತ್ತಿತ್ತು; ಎರಡೂ ಕೈಗಳನ್ನು ಕೆಂಪು ಸ್ವೆಟರಿನ ಜೇಬಿಗೆ ತುರುಕಿ ಬೆಂಚಿನ ಮೇಲೆ ಕೂತಳು.

ಆಗ ಮೇಲಿನಿಂದ ದಡದಡ ಸದ್ದು! ಮೇಲ್ಮಹಡಿಯ ಸಂಗೀತದ ಮೇಷ್ಟ್ರು ಇಳಿದರು, ಹಿಂದೆಯೇ ದರ್ಜಿ ದಂಪತಿ, ಅವರ ಬೆನ್ನಿಗೇ ಇಡೀ ಕಟ್ಟಡ. ಮೇಷ್ಟ್ರು ಒತ್ತಿದ ನಂಬರ್ ತಪ್ಪಾಯಿತು. ಮತ್ತೊಮ್ಮೆ ಒತ್ತಿದರು, ಅದೂ ತಪ್ಪು.

"ಮೇಷ್ಟ್ರೇ, ಕನ್ನಡಕ ಹಣೆ ಮೇಲಿದೆ, ಇಳಿಸಿ!" ಅತ್ತೆ ಕೂತಲ್ಲಿಂದಲೇ ಕೂಗಿದಳು.

ಟಪ್! ಬಾಗಿಲು ತೆರೆಯಿತು. ಮೇಷ್ಟ್ರು ಕೇಕೆ ಹಾಕಿದರು. ಆಮೇಲೆ ತಡೆಯುವವರು ಯಾರು! ನಾ ಮುಂದು, ತಾ ಮುಂದು ಎಂದು ನೂಕುನುಗ್ಗಲು. ಒಂದು ಬಾಗಿಲು ತೆರೆದಾಗಲೆಲ್ಲ ಚಪ್ಪಾಳೆ.

"ಲಾಕರ್ ಇಲ್ಲೇ ಇರುತ್ತೆ" ಎಂದು ಮೇಡಂ ನಗುತ್ತಾ ಹೊರಟರು. ಅತ್ತೆಯ ಕಣ್ಣಲ್ಲಿ ನೀರೇ ಬಂತು.

ಜನ ಕರಗಿದ ಮೇಲೆ ಸೊಸೆ ಪಕ್ಕದಲ್ಲಿ ಬಂದು ಕೂತಳು. "ಮಂಡಿನೋವು ಇಟ್ಕೊಂಡು ದಿನಾ ಅಷ್ಟು ಮೆಟ್ಟಿಲು ಯಾಕೆ ಹತ್ತಿದ್ರಿ ಅತ್ತೆ?"

"ಒಬ್ಳೇ ಕೂತು ಉಣ್ಣೋದಕ್ಕಿಂತ ಮೆಟ್ಟಿಲೇ ವಾಸಿ ಕಣೇ."

ಸೊಸೆ ಎದ್ದು ಕೈ ಚಾಚಿದಳು. "ನಡೀರಿ ಅತ್ತೆ, ಹೊಟ್ಟೆ ಹಸೀತಿದೆ."