ಒಂಟಿ ಎಲೆಗಳ ಪಾತಿ

ಶಿಹೋರಿ ಪಾಳಿ ಮುಗಿಸಿ ಬಂದು ಬಾಗಿಲಲ್ಲಿ ಬೂಟು ಬಿಚ್ಚಲು ಬಗ್ಗುವಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ ಬಂತು.

"ಬೂಟು ಬಿಚ್ಚಬೇಡ. ಸಲಿಕೆ ಅಲ್ಲೇ ಗೋಡೆಗೆ ಒರಗಿಸಿದೀನಿ."

"ಅತ್ತೆ, ಇವತ್ತು ಕೈ ಎತ್ತಕ್ಕೇ ಆಗ್ತಿಲ್ಲ. ಬೆಳಗಿಂದ ಹಿಟ್ಟಿನ ಚೀಲ ಹೊತ್ತಿದೀನಿ."

"ನಿನ್ನ ಕೈನೋವು ಹಿಮಕ್ಕೆ ಗೊತ್ತಾಗತ್ತಾ? ಏಪ್ರಿಲ್ ಹತ್ತಾಯ್ತು. ಇಪ್ಪತ್ತೆಂಟಕ್ಕೆ ಮನೆ ಸಾಮಾನು ಸಾಗಿಸೋ ಲಾರಿ ಬರತ್ತೆ."

ಅತ್ತೆ ಫುಮಿನೊ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದಳು. ಮಡಿಲಲ್ಲಿ ಬೂದಿಯ ಡಬ್ಬ, ಕೈಯಲ್ಲಿ ಹಿಡಿ ಮುರಿದ ಒಂದು ಟೀ ಬಟ್ಟಲು. ಚಳಿಗಾಲವಿಡೀ ಒಲೆಯಲ್ಲಿ ಉರಿದ ಕಟ್ಟಿಗೆಯ ಬೂದಿಯನ್ನು ಬಟ್ಟಲು ಬಟ್ಟಲಾಗಿ ಹೊರಗಿನ ಹಿಮದ ಮೇಲೆ ಎರಚುವುದು ಅವಳ ಕೆಲಸ. ಕಪ್ಪಾದ ಹಿಮ ಬಿಸಿಲು ಕುಡಿದು ಬೇಗ ಕರಗುತ್ತದೆ. ಗಟ್ಟಿಯಾದದ್ದನ್ನು ಸಲಿಕೆಯಿಂದ ಒಡೆದು ಹರಡುವುದು ಶಿಹೋರಿಯ ಕೆಲಸ. ಆ ಕಣಿವೆಯಲ್ಲಿ ಏಪ್ರಿಲ್ ಬಂತೆಂದರೆ ಮನೆಮನೆಯ ಅಂಗಳದಲ್ಲೂ ಇದೇ ಧಡಧಡ ಸದ್ದು. ಐದು ತಿಂಗಳು ಹಿಮ ಹೊತ್ತು ಹಾಕಿದವರು ಆರನೆಯ ತಿಂಗಳು ಅದನ್ನೇ ಒಡೆಯುತ್ತಾರೆ.

ಛಾವಣಿಯಿಂದ ಜಾರಿದ ಹಿಮವೆಲ್ಲ ಬಂದು ಬೀಳುವುದು ಸರಿಯಾಗಿ ಬೇಲಿ ಪಕ್ಕದ ಅತ್ತೆಯ ಹೂವಿನ ಪಾತಿಯ ಮೇಲೆಯೇ. ಕೆಳಗೆ ಎಲ್ಲೋ ಕತಾಕುರಿಯ ಗೆಡ್ಡೆಗಳು ನಿದ್ದೆ ಮಾಡುತ್ತಿದ್ದವು.

ಗುಡ್ಡದ ಮೇಲೆ, ಎಲೆ ಉದುರಿಸಿಕೊಂಡ ಓಕ್ ಮರಗಳ ಬುಡದಲ್ಲಿ ತಾನಾಗಿ ಬೆಳೆಯುವ ನೇರಳೆ ಹೂವು ಅದು. ಬೀಜ ಹಾಕಿದರೆ ಎಂಟನೆಯ ವಸಂತಕ್ಕೆ ಹೂ ಬಿಡುತ್ತದೆ, ಅದಕ್ಕೂ ಮುಂಚೆ ಸುತರಾಂ ಇಲ್ಲ. ವರ್ಷಕ್ಕೊಂದೇ ಎಲೆ ತೋರಿಸಿ, ಜೂನ್ ಹೊತ್ತಿಗೆ ಅದನ್ನೂ ಒಳಗೆಳೆದುಕೊಂಡು, ಗೆಡ್ಡೆಯನ್ನು ಇನ್ನಷ್ಟು ಆಳಕ್ಕೆ ಇಳಿಸಿ ಮಲಗಿಬಿಡುತ್ತದೆ. ಯಾವ ವರ್ಷ ಎರಡು ಎಲೆ ಬಂತೋ ಆ ವರ್ಷ ನಡುವೆ ಮೊಗ್ಗು. ಒಂದೆಲೆಯ ಗಿಡಕ್ಕೆ ಹೂವಿಲ್ಲ. ಹಿಂದೆ ಈ ಗೆಡ್ಡೆಯನ್ನೇ ಅರೆದು ಹಿಟ್ಟು ತೆಗೆಯುತ್ತಿದ್ದರಂತೆ. ಈಗ ಶಿಹೋರಿಯ ಕಾರ್ಖಾನೆಯಲ್ಲಿ ಅದೇ ಹೂವಿನ ಹೆಸರಿನ ಚೀಲಕ್ಕೆ ಆಲೂಗಡ್ಡೆ ಹಿಟ್ಟು ತುಂಬುತ್ತಾರೆ.

"ಈ ಸಲ ಎಂಟನೇದು," ಎಂದಳು ಅತ್ತೆ, ಬೂದಿ ಎರಚುತ್ತ. "ಈ ಸಲ ಬಿಡಲೇಬೇಕು. ಒಂದೇ ಒಂದು ಹೂ ನೋಡಿ ಲಾರಿ ಹತ್ತುತ್ತೀನಿ. ಅಗೆದು ತಗೊಂಡು ಹೋಗೋಣ ಅಂದ್ರೆ, ಆ ಗೆಡ್ಡೆ ಮೊಣಕೈ ಆಳಕ್ಕೆ ಇಳಿದಿರತ್ತೆ. ಮುಟ್ಟಿದ್ರೆ ಕಡ್ಡಿ ಹಾಗೆ ಮುರಿಯತ್ತೆ."

ಶಿಹೋರಿ ಸಲಿಕೆ ಎತ್ತಿದಳು. ಹೊಡೆತ ಭುಜದಿಂದ ಹಿಡಿದು ಹಲ್ಲಿನವರೆಗೆ ಬಡಿಯಿತು. ಈ ಸಲ ಹೂ ಬಿಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಅವರಿದ್ದದ್ದು ಊರಾಚೆಯ ಪುರಸಭೆ ಮನೆಗಳ ಕಡೆಯ ಸಾಲಿನಲ್ಲಿ. ಮೂರೇ ಮನೆಗಳಿಗಾಗಿ ರಸ್ತೆಯ ಹಿಮ ತೆಗೆಸುವುದು ಕಷ್ಟವೆಂದು ಪುರಸಭೆ ಎಲ್ಲರಿಗೂ ಸ್ಟೇಷನ್ ಹತ್ತಿರದ ಫ್ಲ್ಯಾಟು ಕೊಟ್ಟಿತ್ತು. ನಾಲ್ಕನೇ ಮಹಡಿ. ಮಣ್ಣಿಲ್ಲ, ಹಿಮ ಹೊರುವ ಕಾಟವೂ ಇಲ್ಲ. ಕಾಗದ ಬಂದ ದಿನ ಶಿಹೋರಿಗೆ ಒಳಗೊಳಗೇ ಹಗುರವಾಗಿತ್ತು. ಆಮೇಲೆ ಪಾತಿ ನೆನಪಾಯಿತು.

ಎಂಟು ವರ್ಷದ ಹಿಂದೆ, ಬೇಲಿಯಾಚೆ ಇನ್ನೊಂದು ರಸ್ತೆಗೆ ಮುಖಮಾಡಿದ ಸ್ವಂತ ಮನೆಯ ಓರಿತೊ ಜೂನ್ ತಿಂಗಳಲ್ಲಿ ಒಂದು ಹಿಡಿ ಬೀಜ ಕೊಟ್ಟಿದ್ದಳು. ಅತ್ತೆ ಹಾಕಿದಳು. ಮುಂದಿನ ಮಾರ್ಚಿನಲ್ಲಿ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡು ಎರಡೂವರೆ ತಿಂಗಳು ಆಸ್ಪತ್ರೆ ಸೇರಿದಳು. ಮನೆ ನೋಡಿಕೊಳ್ಳುತ್ತಿದ್ದವಳು ಶಿಹೋರಿ. ಅತ್ತೆ ಬರುವಷ್ಟರಲ್ಲಿ ಎಲ್ಲ ಒಪ್ಪವಾಗಿರಲಿ ಎಂದು ಮೇ ತಿಂಗಳ ಒಂದು ಭಾನುವಾರ ಕಳೆ ಕೀಳಲು ಕೂತಳು. ಪಾತಿಯ ತುಂಬ ಕೂದಲೆಳೆಯಂಥ ಹುಲ್ಲು ಎದ್ದಿತ್ತು. ಒಂದೊಂದಾಗಿ, ಬೇರು ಸಮೇತ, ಬಹಳ ಅಚ್ಚುಕಟ್ಟಾಗಿ ಕಿತ್ತಳು. ಸಂಜೆ ಆಸ್ಪತ್ರೆಗೆ ಹೋದಾಗ ಅತ್ತೆ ಕೇಳಿದ್ದು ಒಂದೇ ಮಾತು: "ಮೊದಲನೇ ವರ್ಷ ಅದು ಕೂದಲಿನ ಹಾಗಿರತ್ತೆ. ಎದ್ದಿದೆಯೇನೇ?"

"ಎದ್ದಿದೆ ಅತ್ತೆ. ತುಂಬಾ ಎದ್ದಿದೆ," ಎಂದಿದ್ದಳು ಶಿಹೋರಿ.

ಅದು ಸುಳ್ಳೂ ಅಲ್ಲ. ಜೂನಿನಲ್ಲಿ ಗುಡ್ಡ ಹತ್ತಿ ಬೀಜ ಆರಿಸಿ ತಂದು, ಯಾರೂ ನೋಡದ ಹಾಗೆ ಮತ್ತೆ ಹಾಕಿದಳು. ಮರುವರ್ಷ ಅತ್ತೆ ಪಾತಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಎರಡನೇ ವರ್ಷವೂ ಕೂದಲೆಳೆಯೇ? ಓರಿತೊ ನನಗೆ ಜೊಳ್ಳು ಬೀಜ ಸಾಗಹಾಕಿದಾಳೆ," ಎಂದಳು. ಆಗಲೇ ಹೇಳಬೇಕಿತ್ತು. ಶಿಹೋರಿ ಅಕ್ಕಿ ತೊಳೆಯಲು ಒಳಗೆ ಹೋದಳು. ಅಂದಿನಿಂದ ಪ್ರತಿ ವಸಂತಕ್ಕೂ ಆ ಮಾತು ಸ್ವಲ್ಪ ಸ್ವಲ್ಪ ಬಲಿಯಿತು, ಓರಿತೊಳ ಕಿವಿಗೂ ಬಿತ್ತು. ಮೂಲಂಗಿ ಉಪ್ಪಿನಕಾಯಿ ಬೇಲಿ ದಾಟುವುದು ನಿಂತಿತು. ಆಮೇಲೆ ನಮಸ್ಕಾರವೂ ನಿಂತಿತು.

ಇಪ್ಪತ್ತಮೂರಕ್ಕೆ ಹಿಮ ಸರಿದು ಕಪ್ಪು ಮಣ್ಣು ಕಂಡಿತು. ಇಪ್ಪತ್ತೈದಕ್ಕೆ ಎಲೆಗಳು ಬಂದವು, ಕಂದು ಮಚ್ಚೆಯ ತಣ್ಣನೆಯ ಎಲೆಗಳು. ಅತ್ತೆ ಮಣೆ ಹಾಕಿಸಿಕೊಂಡು ಕೂತು ಬೆರಳಿನಿಂದ ಒಂದೊಂದನ್ನೂ ಸರಿಸಿ ನೋಡಿದಳು. ಈ ತುದಿಯಿಂದ ಆ ತುದಿಯವರೆಗೆ ನೋಡಿ, ಮತ್ತೆ ಈ ತುದಿಗೆ ಬಂದಳು.

"ಒಂದು," ಎಂದಳು. "ಎಲ್ಲಾ ಒಂದೊಂದೇ."

ಬೇಲಿಯಾಚೆ ಬಿಸಿಲು ಬೀಳುವ ಕಡೆ ಓರಿತೊಳ ಪಾತಿಯಲ್ಲಿ ನೇರಳೆ ಹೂಗಳು ದಳ ಹಿಂದಕ್ಕೆ ಮಡಚಿಕೊಂಡು ತಲೆ ತಗ್ಗಿಸಿ ನಿಂತಿದ್ದವು. ಅದೇ ಜೂನಿನಲ್ಲಿ, ಅದೇ ಕಾಯಿಗಳಿಂದ ಹಾಕಿದ ಬೀಜ.

ಅತ್ತೆ ಅದನ್ನು ನೋಡಿದಳು. ಎದ್ದು ಒಳಗೆ ಹೋದಳು.

ಮಾರನೆಯ ದಿನ ಮನೆಯ ತುಂಬ ರಟ್ಟಿನ ಪೆಟ್ಟಿಗೆಗಳು. ಮೇಜಿನ ಮೇಲೆ ಬಿಳಿ ಕಾಗದದಲ್ಲಿ ಸುತ್ತಿದ ಮೂರು ಟವೆಲ್‌ಗಳಿದ್ದವು. ಮನೆ ಬಿಡುವವರು ಅಕ್ಕಪಕ್ಕದವರಿಗೆ ಹೇಳಿಹೋಗುವಾಗ ಕೊಡುವಂಥವು.

"ಸಾಲಿನ ಎರಡು ಮನೆಗೆ ಎರಡು, ಹಾಲಿನವನಿಗೊಂದು. ಹೋಗಿ ಕೊಟ್ಟು ಬಾ," ಎಂದಳು ಅತ್ತೆ.

"ಓರಿತೊಸಾನ್‌ಗೆ?"

"ಅವಳಿಗೆ ನಾನೇ ಕೊಡ್ತೀನಿ. ಟವೆಲ್ ಅಲ್ಲ, ಮಾತು. ಒಳ್ಳೇ ಬೀಜ ತಾನು ಇಟ್ಕೊಂಡು ಜೊಳ್ಳು ನನಗೆ ಕೊಟ್ಯಲ್ಲಾ, ಹೊಟ್ಟೆ ತುಂಬ್ತಾ ಅಂತ ಬಾಗಿಲಲ್ಲಿ ನಿಂತು ಕೇಳೇ ಹೋಗೋದು. ನನ್ನ ಕೋಟು ಎಲ್ಲಿ?"

ಒಂದು ತೋಳು ಆಗಲೇ ಕೋಟಿನೊಳಗೆ ಹೋಗಿತ್ತು. ಶಿಹೋರಿ ಪೆಟ್ಟಿಗೆಯ ಮೇಲೆ ಕೂತಳು. ಹೇಳುವ ಧೈರ್ಯ ಬಂದದ್ದೇನಲ್ಲ. ಹೇಳದೆ ಇರುವುದಕ್ಕೆ ಇನ್ನು ಶಕ್ತಿ ಉಳಿದಿರಲಿಲ್ಲ.

"ಅತ್ತೆ, ನಾನು ಕಿತ್ತೆ."

"ಏನನ್ನ?"

"ಮೊದಲನೇ ವರ್ಷದ್ದು. ನೀವು ಆಸ್ಪತ್ರೇಲಿದ್ರಿ. ಹುಲ್ಲು ಅಂದ್ಕೊಂಡು ಎಲ್ಲಾ ಕಿತ್ತುಬಿಟ್ಟೆ. ಈಗಿರೋದು ಗುಡ್ಡದ ಬೀಜ, ನಾನು ಹಾಕಿದ್ದು. ಇದಕ್ಕೆ ಇನ್ನೂ ಏಳನೇ ವರ್ಷ."

ಅತ್ತೆಯ ಇನ್ನೊಂದು ತೋಳು ಕೋಟಿನ ಹೊರಗೇ ನಿಂತಿತು.

"ಒಂದೂ ಬಿಡದ ಹಾಗೆ ಕಿತ್ಯಾ?"

"ಒಂದೂ ಬಿಡದ ಹಾಗೆ."

"ಜಾಣೆ. ಪಾತ್ರೆ ತೊಳೆದ್ರೆ ತಳದಲ್ಲಿ ಅನ್ನ ಬಿಡ್ತೀಯ. ಅದನ್ನ ಮಾತ್ರ ಒಂದೂ ಬಿಡಲಿಲ್ಲ." ದನಿ ಏರಲಿಲ್ಲ. "ಹೂ ಹೋಗ್ಲಿ ಕಣೇ. ಇಷ್ಟು ವರ್ಷ ನನ್ನ ಬಾಯಿಂದ ಒಬ್ಬ ಒಳ್ಳೇ ಹೆಂಗಸನ್ನ ಬೈಸಿದೆಯಲ್ಲ. ಅಷ್ಟು ಹೆದರಿಕೇನಾ ನನ್ನ ಕಂಡ್ರೆ?"

ಶಿಹೋರಿ ತಲೆಯಾಡಿಸಿದಳು. ಹೌದೆಂದೋ ಅಲ್ಲವೆಂದೋ ಅವಳಿಗೇ ತಿಳಿಯಲಿಲ್ಲ.

"ಏಳು. ಹಾಲಿನವನ ಟವೆಲ್ ತಗೋ. ಅವನಿಗೆ ಇನ್ನೊಂದು ಹುಡುಕೋಣ."

ಓರಿತೊ ಬಾಗಿಲು ತೆರೆದವಳು ಇಬ್ಬರನ್ನೂ ನೋಡಿ, ಟವೆಲ್ಲನ್ನೂ ನೋಡಿದಳು. "ನನ್ನನ್ನ ದಾಟಿಕೊಂಡು ಹೋಗ್ತೀರ ಅಂದ್ಕೊಂಡಿದ್ದೆ," ಎಂದಳು. ಅತ್ತೆ ಮೊಣಕೈಯಿಂದ ಶಿಹೋರಿಯ ಬೆನ್ನಿಗೆ ತಿವಿದಳು. ಶಿಹೋರಿ ಚಪ್ಪಲಿಗಳ ಕಡೆ ನೋಡುತ್ತಲೇ ಇನ್ನೊಂದು ಸಲ ಎಲ್ಲವನ್ನೂ ಹೇಳಿದಳು. ಎರಡನೆಯ ಸಲ ಹೇಳುವುದು ಮೊದಲಿನದಕ್ಕಿಂತ ಕಷ್ಟವಾಗಿತ್ತು.

ಓರಿತೊ ನಗಲಿಲ್ಲ. "ಪ್ರತಿ ವರ್ಷ ನನ್ನ ಪಾತಿ ಮುಂದೆ ಕೂತು ಯೋಚಿಸ್ತಿದ್ದೆ," ಎಂದಳು. "ಒಂದೇ ಬಟ್ಟಲಿನ ಬೀಜ. ಕೈ ತಪ್ಪಿ ಒಣಗಿದ್ದನ್ನ ಕೊಟ್ಟೆನೇನೋ ಅಂತ. ಒಂದು ಮಾತಲ್ವಾ ಹುಡುಗಿ? ಒಂದು ಮಾತು."

"ತಪ್ಪಾಯ್ತು."

"ಬೈದವಳು ನಾನು," ಎಂದಳು ಅತ್ತೆ ಹಿಂದಿನಿಂದ. "ಅವಳದು ಅರ್ಧ, ನನ್ನದು ಅರ್ಧ."

"ನಿನ್ನದು ಮುಕ್ಕಾಲು, ಫುಮಿನೊಸಾನ್." ಓರಿತೊ ಟವೆಲ್ ತೆಗೆದುಕೊಂಡು ಒಳಗೆ ಹೋದಳು. ಬಾಗಿಲು ತೆರೆದೇ ಇತ್ತು. ಕಾಯಬೇಕೋ ಹೋಗಬೇಕೋ ತಿಳಿಯದೆ ಇಬ್ಬರೂ ನಿಂತರು. ಸ್ವಲ್ಪ ಹೊತ್ತಿಗೆ ಅವಳು ಕೆಂಪು ಬಿಳಿ ಪಟ್ಟೆಯ ಉದ್ದದ ಕೋಲು ಹಿಡಿದು ಬಂದಳು. ಹಿಮ ತೆಗೆಯುವ ಗಾಡಿಗೆ ರಸ್ತೆಯ ಅಂಚು ಕಾಣಲೆಂದು ನೆಡುವ ಕೋಲು.

"ನೀವು ಹೋದ ಮೇಲೆ ಆ ಜಾಗದಲ್ಲಿ ಊರ ಹಿಮವೆಲ್ಲ ತಂದು ಸುರೀತಾರೆ. ಹಿಮದಿಂದ ಅದಕ್ಕೇನಾಗಲ್ಲ, ತಡವಾಗಿ ಏಳತ್ತೆ ಅಷ್ಟೆ. ಗಾಡಿ ಚಕ್ರ ಹತ್ತಿದ್ರೆ ಕಷ್ಟ. ಇದನ್ನ ನೆಟ್ಟಿಡಿ. ಚಾಲಕನಿಗೆ ನಾನು ಹೇಳ್ತೀನಿ."

"ಬರೋ ವರ್ಷ ಎರಡೆಲೆ ಬಂದ್ರೆ?" ಎಂದಳು ಅತ್ತೆ.

"ಬಂದ್ರೆ ಫೋನ್ ಮಾಡ್ತೀನಿ. ಬಸ್ಸಿಲ್ಲ ಅಂತ ನೆವ ಹೇಳಬೇಡ."

"ಟ್ಯಾಕ್ಸಿಗೆ ಇವಳು ಕೊಡ್ತಾಳೆ."

ಪಾತಿಯ ಅಂಚಿನ ಮಣ್ಣು ಒಳಗೆ ಇನ್ನೂ ಹೆಪ್ಪುಗಟ್ಟಿತ್ತು. ಶಿಹೋರಿ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿದಳು, ಇಳಿಯಲಿಲ್ಲ. ಸಲಿಕೆಯ ಬೆನ್ನಿನಿಂದ ಹೊಡೆದಳು. ನೋವು ಮತ್ತೆ ಭುಜದಿಂದ ಹಲ್ಲಿನವರೆಗೆ ಹರಿಯಿತು.

"ಎಡಕ್ಕೆ ವಾಲಿದೆ," ಎಂದಳು ಮಣೆಯ ಮೇಲಿನಿಂದ ಅತ್ತೆ.

ಶಿಹೋರಿ ಕಿತ್ತು, ಎಲೆಗಳಿಗೆ ತಾಕದ ಹಾಗೆ ಒಂದು ಗೇಣು ಆಚೆ ಸರಿಸಿ, ಮತ್ತೆ ನೆಡತೊಡಗಿದಳು.