ಎಡಕ್ಕೆ ಬಿದ್ದ ಕಣಗಲೆ

ಹರದನಹಳ್ಳಿಯ ಹೆಣ್ಣುಮಕ್ಕಳ ಕಬಡ್ಡಿ ತಂಡ ಒಂದರ ಹಿಂದೊಂದು ಮೂರು ಭಾನುವಾರ ಸೋತಿತ್ತು. ಮೂರನೆಯ ಸೋಲಿನ ಮಾರನೆಯ ಬೆಳಿಗ್ಗೆ ಶಿವಲಕ್ಷ್ಮಿ ಪಂಚಾಯಿತಿ ಗ್ರಂಥಾಲಯದ ಬೀಗ ತೆಗೆಯಲು ಬಂದಾಗ ಜಗಲಿಯ ಮೇಲೆ ಆಗಲೇ ಆರೇಳು ಜನ ಕೂತಿದ್ದರು. ಪೇಪರ್ ಓದುವ ಆತುರ ಅವರಲ್ಲಿ ಯಾರಿಗೂ ಇದ್ದಂತಿರಲಿಲ್ಲ. ಅವಳನ್ನು ಕಂಡ ಕೂಡಲೇ ಮಾತು ನಿಂತಿತು. ಅವಳು ಒಳಗೆ ಹೋಗಿ ಕಿಟಕಿ ತೆರೆದು ಮೇಜು ಒರೆಸುವಷ್ಟರಲ್ಲಿ ಮತ್ತೆ ಶುರುವಾಯಿತು, ದನಿ ಮಾತ್ರ ಸ್ವಲ್ಪ ತಗ್ಗಿತ್ತು. ಮಾತು ಅವಳ ಮಗಳು ಶೃತಿಯ ಬಗ್ಗೆ ಎಂದು ತಿಳಿಯಲು ಕಿವಿಗೊಡಬೇಕಾಗಿರಲಿಲ್ಲ.

ಆ ವರ್ಷ ಚಾಮರಾಜನಗರ, ಗುಂಡ್ಲುಪೇಟೆ ಎರಡು ತಾಲ್ಲೂಕಿನ ಹತ್ತು ಊರುಗಳು ಸೇರಿ ಹೆಣ್ಣುಮಕ್ಕಳಿಗೆಂದೇ ಪಂದ್ಯಾವಳಿ ಇಟ್ಟುಕೊಂಡಿದ್ದವು. ತಂಡಕ್ಕೆ ಒಂಬತ್ತು ಆಟ, ಒಂಬತ್ತು ಭಾನುವಾರ. ಶೃತಿಗೆ ಇನ್ನೂ ಹದಿನೇಳು. ಚಾಮರಾಜನಗರದಲ್ಲಿ ಎರಡನೆಯ ಪಿಯುಸಿ ಓದುತ್ತಿದ್ದಳು. ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳು, ಮತ್ತು ತಂಡದ ಮೊದಲ ರೈಡರ್. ಮೊದಲ ಆಟ ಗುಂಡ್ಲುಪೇಟೆಯಲ್ಲಿ, ಬೇಗೂರಿನವರ ಮೇಲೆ. ಎರಡು ಟೆಂಪೋ ಮಾಡಿಕೊಂಡು ಊರೇ ಹೋಗಿತ್ತು. ಹೋಗುವಾಗ ಶೃತಿ ಊರ ಹುಲಿ. ಎರಡು ಅಂಕದಿಂದ ಸೋತು ಬರುವಾಗ ಅವಳಿಗೆ ನೀರಿನ ಬಾಟಲಿ ಕೊಡುವವರೂ ಇರಲಿಲ್ಲ. ಆ ಆಟದಲ್ಲಿ ತಂಡಕ್ಕೆ ಬಂದ ಇಪ್ಪತ್ತಾರು ಅಂಕಗಳಲ್ಲಿ ಹನ್ನೊಂದು ಅವಳೊಬ್ಬಳೇ ತಂದದ್ದು ಶಿವಲಕ್ಷ್ಮಿಯ ಹೊರತು ಯಾರಿಗೂ ನೆನಪಿರಲಿಲ್ಲ. ಮೂರನೆಯ ಆಟದಲ್ಲಿ ಎರಡೂ ಕಡೆ ಅಂಕ ಸಮ ಇದ್ದಾಗ ಕೊನೆಯ ರೈಡ್ ಶೃತಿಯದಾಗಿತ್ತು. ಬೋನಸ್ ಗೆರೆಗೆ ಕಾಲು ಚಾಚಿದವಳ ಪಾದವನ್ನು ಎದುರಾಳಿ ಹಿಡಿದಳು. ಜನ ನೆನಪಿಟ್ಟುಕೊಂಡದ್ದು ಅದೊಂದನ್ನೇ.

ತಂಡಕ್ಕೆ ಜರ್ಸಿ ಹೊಲಿಸಿಕೊಟ್ಟ ಮಾದೇಶ ಜಗಲಿಯ ನಡುವೆ ಕೂತು ತೀರ್ಪು ಕೊಡುತ್ತಿದ್ದ. ಅವನದು ಊರ ಬಸ್ ನಿಲ್ದಾಣದ ಹತ್ತಿರ ಮೊಬೈಲ್ ಅಂಗಡಿ.

"ಗೆರೆ ದಾಟೋವಾಗ ಆ ಉಡ್ಗಿಗೆ ಕಾಲು ನಡುಗ್ತವೆ ಕಣ್ಲಾ. ನಾನು ಮೊದ್ಲೇ ಏಳಿದ್ದೆ."

"ಎಲ್ಲಿ ಏಳಿದ್ಯಲಾ? ಅವಳ ಫೋಟೋನ ಸ್ಟೇಟಸ್‌ಗೆ ಆಕ್ಕೊಂಡು ಊರೆಲ್ಲ ತೋರುಸ್ದವ ನೀನೇ ಅಲ್ವಾ?"

"ಆಗ ಗೆಲ್ತಾಳೆ ಅನ್ಕಂಡಿದ್ದೆ. ಈಗ ತೆಗ್ದಾಕ್ಬುಟ್ಟಿವ್ನಿ ಬುಡು."

ಎಲ್ಲರೂ ನಕ್ಕರು. ಶಿವಲಕ್ಷ್ಮಿ ಪತ್ರಿಕೆಗಳನ್ನು ದಾರಕ್ಕೆ ಪೋಣಿಸುತ್ತ ಹೋದಳು. ಒಂದು ಮಾತು ಆಡುವ ಮುಂಚೆ ಅದು ಎಲ್ಲೆಲ್ಲಿ ಹೋಗಿ ಮುಟ್ಟೀತು ಎಂದು ಯೋಚಿಸುವುದು ಅವಳ ಅಭ್ಯಾಸ. ಅಷ್ಟು ಯೋಚಿಸುವಷ್ಟರಲ್ಲಿ ಮಾತಿನ ಹೊತ್ತೇ ಕಳೆದುಹೋಗಿರುತ್ತಿತ್ತು.

ನಾಲ್ಕನೆಯ ಆಟಕ್ಕೆ ಮುಂಚೆ ಒಮ್ಮೆ ಮಾತ್ರ ತಂಡದ ಹೆಸರಿನ ಪಟ್ಟಿ ಬದಲಿಸಬಹುದೆಂದು ನಿಯಮವಿತ್ತು. ಒಮ್ಮೆ ಹೆಸರು ಬಿಟ್ಟುಹೋದರೆ ಆ ವರ್ಷ ಮತ್ತೆ ಸೇರುವಂತಿಲ್ಲ. ಪುಣಜನೂರಿನಿಂದ ಊರಿಗೆ ಸೊಸೆಯಾಗಿ ಬಂದಿದ್ದ ಕುಮಾರಿ ಎಂಬವಳು ಕಾಲೇಜಿನಲ್ಲಿ ಒಳ್ಳೆಯ ಆಟಗಾರ್ತಿಯಾಗಿದ್ದಳಂತೆ, ಶೃತಿಯನ್ನು ತೆಗೆದು ಅವಳನ್ನು ಹಾಕಬೇಕೆಂದು ಅರ್ಧ ಊರು ಹೇಳಿತು. ಉಳಿದ ಅರ್ಧ ಊರು ಬೇಡವೆಂದಿತು. ಎರಡು ದಿನ ಜಗಳವಾಗಿ, ಬುಧವಾರ ಸಂಜೆ ಅರಳಿಕಟ್ಟೆಯಲ್ಲಿ ಸೇರಿದಾಗ, ಇಂಥ ಹೊತ್ತಿನಲ್ಲಿ ಆ ಊರು ಯಾವತ್ತೂ ಮಾಡುತ್ತ ಬಂದಿದ್ದನ್ನೇ ಮಾಡಲು ನಿಶ್ಚಯಿಸಿತು. ಮಾರಮ್ಮನ ಹತ್ತಿರ ಹೂ ಕೇಳುವುದು. ಬೋರ್‌ವೆಲ್ ಎಲ್ಲಿ ಕೊರೆಸಬೇಕು, ಗಂಡು ಒಪ್ಪಬೇಕೋ ಬೇಡವೋ, ಎಲ್ಲಕ್ಕೂ ಅಮ್ಮನ ಎರಡು ಭುಜಕ್ಕೆ ಎರಡು ಹೂ ಒದ್ದೆ ಮಾಡಿ ಅಂಟಿಸುವುದು, ಬಲಗಡೆಯದು ಮೊದಲು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಅಲ್ಲಿಗೆ ಮುಗಿಯಿತು. ಅದರ ಮೇಲೆ ಯಾರೂ ಮಾತಾಡುವುದಿಲ್ಲ.

ತೊಡಕೊಂದಿತ್ತು. ಮಾರಮ್ಮನ ಪೂಜಾರಿ ನಂಜಯ್ಯ ಶಿವಲಕ್ಷ್ಮಿಯ ಮಾವ, ಶೃತಿಯ ತಾತ. ಮೊಮ್ಮಗಳ ವಿಷಯಕ್ಕೆ ತಾತನೇ ಹೂ ಇಟ್ಟರೆ ಹೇಗೆ ಎಂದು ಮಾದೇಶ ಕೇಳಿದ. ನಂಜಯ್ಯ ಟವೆಲ್ ಕೊಡವಿಕೊಂಡು ಎದ್ದು ನಿಂತು, ನಲವತ್ತು ವರ್ಷದಿಂದ ಅಮ್ಮನ ಮೈ ಮುಟ್ಟಿದ ಕೈ ಇದು, ನಂಬಿಕೆ ಇಲ್ಲದಿದ್ದರೆ ಬೇರೆಯವರನ್ನು ಕರೆಸಿಕೊಳ್ಳಿ ಎಂದ. ಜನ ತಣ್ಣಗಾದರು. ಕೊನೆಗೆ ಎಲ್ಲರ ಕಣ್ಣೂ ಹೆಂಗಸರ ಕಡೆ ನಿಂತಿದ್ದ ಶಿವಲಕ್ಷ್ಮಿಯ ಮೇಲೆ ಬಿತ್ತು. ಅವಳ ಗಂಡ ಮಹದೇವಸ್ವಾಮಿ ಗುಂಡ್ಲುಪೇಟೆ ಡಿಪೋದಲ್ಲಿ ಬಸ್ ಚಾಲಕ, ಅಲ್ಲೇ ರೂಮು ಮಾಡಿಕೊಂಡು ವಾರಕ್ಕೊಮ್ಮೆ ಊರಿಗೆ ಬರುವವನು. ಹಾಗಾಗಿ ಹುಡುಗಿಯ ಪರವಾಗಿ ಹೂಂ ಅನ್ನಬೇಕಾದವಳು ಅವಳೇ.

"ಅಮ್ಮ ಹೇಳಿದ ಹಾಗೇ ಆಗಲಿ" ಎಂದಳು ಶಿವಲಕ್ಷ್ಮಿ.

ಈ ಸಲ ಮಾತಾಡುವ ಮುಂಚೆ ಅವಳು ಯೋಚಿಸಲಿಲ್ಲ. ಯೋಚಿಸುವ ಅಗತ್ಯ ಕಂಡಿರಲಿಲ್ಲ. ಅವಳು ಮದುವೆಯಾಗಿ ಬಂದ ಮೂರನೆಯ ವರ್ಷ, ಊರಿನ ಹುಡುಗಿಯೊಬ್ಬಳನ್ನು ಕುಡುಕನೊಬ್ಬನಿಗೆ ಕೊಡಬೇಕೆಂದು ಆ ಹುಡುಗಿಯ ಸೋದರಮಾವ ಹಟ ಹಿಡಿದಿದ್ದ. ಹೂ ಕೇಳಿದರು, ಎಡಕ್ಕೆ ಬಿತ್ತು, ಹುಡುಗಿ ಉಳಿದುಕೊಂಡಳು. ಆ ಸಂಜೆ ನಂಜಯ್ಯ ಊಟಕ್ಕೆ ಕೂತು ಸೊಸೆಗೆ ಮೆಲ್ಲಗೆ ಹೇಳಿದ್ದ, ಬಲಗಡೆ ಹೂವಿನ ಬೆನ್ನಿಗೆ ಒಂದಿಷ್ಟು ಕಲಸಿದ ಅರಿಶಿನ ಸವರಿದರೆ ಅದು ನಾಳೆವರೆಗೂ ಬೀಳುವುದಿಲ್ಲ ಕಣವ್ವ, ಒಳ್ಳೇದಕ್ಕೆ ಮಾಡಿದರೆ ಅಮ್ಮ ಬೇಜಾರು ಮಾಡಿಕೊಳ್ಳುವುದಿಲ್ಲ ಅಂತ. ಶಿವಲಕ್ಷ್ಮಿ ಅದನ್ನು ಇವತ್ತಿನವರೆಗೂ ಯಾರ ಬಳಿಯೂ ಬಾಯಿಬಿಟ್ಟಿರಲಿಲ್ಲ. ಬೇರೆಯವರ ಮಗಳಿಗೆ ಅಷ್ಟು ಮಾಡಿದ ಕೈ ಸ್ವಂತ ಮೊಮ್ಮಗಳಿಗೆ ಮಾಡದೆ ಇರುತ್ತದೆಯೇ? ಅಂದು ಮನೆಗೆ ಬಂದು ಅವಳು ನಿಶ್ಚಿಂತೆಯಿಂದ ಮುದ್ದೆ ತೊಳಸಿದಳು. ಈ ವಿಷಯವಾಗಿ ಶೃತಿಯನ್ನು ಕೇಳಲೇ ಇಲ್ಲ.

ಶುಕ್ರವಾರ ಬೆಳಿಗ್ಗೆ ಗುಡಿಯ ಮುಂದೆ ಜನ ತುಂಬಿದ್ದರು. ನಂಜಯ್ಯ ಅಮ್ಮನಿಗೆ ಸೇವಂತಿಗೆ ಹಾರ ಹಾಕಿ, ಎರಡು ಭುಜಕ್ಕೆ ಎರಡು ಕೆಂಪು ಕಣಗಲೆ ಇಟ್ಟ. ಕಣಗಲೆ ಅವೆರಡೇ. ಶೃತಿ ಕಾಲೇಜಿನ ಯೂನಿಫಾರ್ಮಿನಲ್ಲಿ ಕೈ ಮುಗಿದು ಮುಂದೆ ನಿಂತಿದ್ದಳು.

"ತಾಯೀ, ಈ ಮಗು ಊರ ಎಸರು ಏಳ್ಕೊಂಡು ಆಡ್ಬೌದು ಅನ್ನೋದಾದ್ರೆ ಬಲಕ್ಕೆ ಕೊಡು. ಬ್ಯಾಡ ಅನ್ನೋದಾದ್ರೆ ಎಡಕ್ಕೆ ಕೊಡು" ಎಂದು ನಂಜಯ್ಯ ಕೇಳಿದ.

ಮಂಗಳಾರತಿಯ ಗಂಟೆ ನಿಲ್ಲುವ ಮೊದಲೇ ಎಡಗಡೆಯ ಹೂ ಜಾರಿ ಅಮ್ಮನ ಪಾದದ ಹತ್ತಿರ ಬಿತ್ತು. ನಂಜಯ್ಯ ಅದನ್ನು ತಟ್ಟೆಯಲ್ಲಿಟ್ಟು ಎಲ್ಲರಿಗೂ ತೋರಿಸಿದ. ತಟ್ಟೆ ಶಿವಲಕ್ಷ್ಮಿಯ ಮುಂದೆಯೂ ಬಂತು. ಮಗುಚಿ ಬಿದ್ದ ಹೂ, ಬೆನ್ನ ಮೇಲೆ ಬರೀ ನೀರಿನ ಹನಿ. ಮಾದೇಶ ಅದನ್ನು ಪ್ರಸಾದವೆಂದು ಜೇಬಿಗೆ ಇಳಿಸಿದ. ಶೃತಿ ತೀರ್ಥ ತೆಗೆದುಕೊಂಡಳು, ಕುಂಕುಮ ಹಚ್ಚಿಕೊಂಡಳು. ಮನೆಗೆ ಬಂದು ಜರ್ಸಿಯನ್ನು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ, ಕುಮಾರಿಯ ಮನೆಗೆ ತಾನೇ ಹೋಗಿ ಕೊಟ್ಟು ಬಂದಳು.

"ಜನ ಅಂದಿದ್ರೆ ಜಗಳ ಆಡ್ತಿದ್ದೆ. ಅಮ್ಮನೇ ಬೇಡ ಅಂದ ಮೇಲೆ ಏನಿದೆ" ಎಂದಳು. ಅವಳು ಅತ್ತಿದ್ದರೆ ಶಿವಲಕ್ಷ್ಮಿಗೆ ಇಷ್ಟು ಭಯವಾಗುತ್ತಿರಲಿಲ್ಲ. ಆರನೆಯ ಕ್ಲಾಸಿನಿಂದ ಒಂದು ದಿನವೂ ತಪ್ಪಿಸದ ಬೆಳಗಿನ ಓಟಕ್ಕೆ ಹುಡುಗಿ ಮಾರನೆಯ ದಿನ ಏಳಲಿಲ್ಲ.

ಶನಿವಾರ ಗುಡಿಯ ಅಂಗಳ ಗುಡಿಸುವುದು ಪೂಜಾರಿ ಮನೆಯ ಹೆಂಗಸಿನ ಕೆಲಸ. ನಿನ್ನೆಯ ನಿರ್ಮಾಲ್ಯವನ್ನು ನಂಜಯ್ಯ ಬುಟ್ಟಿಯಲ್ಲಿ ತುಂಬಿ ಬಾಗಿಲ ಹೊರಗಿಟ್ಟಿದ್ದ, ಅದನ್ನು ಬೇವಿನ ಮರದ ಬುಡಕ್ಕೆ ಸುರಿದು ಬರಬೇಕು. ಸುರಿದಾಗ ಬಾಡಿದ ಸೇವಂತಿಗೆಯ ನಡುವೆ ಒಂದೇ ಒಂದು ಕೆಂಪು ಹೂ ಕಂಡಿತು. ಬೀಳದೆ ಉಳಿದಿದ್ದ ಬಲಗಡೆಯ ಕಣಗಲೆ. ಶಿವಲಕ್ಷ್ಮಿ ಎತ್ತಿಕೊಂಡು ಮಗುಚಿದಳು. ಹೂವಿನ ಬೆನ್ನಿಗೆ ದಪ್ಪಗೆ ಮೆತ್ತಿದ ಅರಿಶಿನ ಒಣಗಿ ಬಿರುಕುಬಿಟ್ಟಿತ್ತು. ಉಗುರಿನಿಂದ ಕೆರೆದರೂ ಬಿಡಲಿಲ್ಲ.

ಅವಳು ಹೂವನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಮೋಸ ಮಾಡಿದರೆಂಬುದಕ್ಕಿಂತ, ತಾನು ಹದಿನೈದು ವರ್ಷ ಬಚ್ಚಿಟ್ಟುಕೊಂಡಿದ್ದ ಗುಟ್ಟಿನಿಂದಲೇ ತನಗೆ ಮೋಸ ಮಾಡಿದರೆಂಬುದು ಅವಳನ್ನು ಹೆಚ್ಚು ನೋಯಿಸಿತು.

ನಂಜಯ್ಯ ಮನೆಯ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ. ಅವಳು ಹೂವನ್ನು ಮೊರದ ಪಕ್ಕದಲ್ಲಿಟ್ಟಳು.

"ನಿರ್ಮಾಲ್ಯ ಮನೆಗೆ ತರ್ಬಾರ್ದು ಕಣವ್ವ" ಎಂದ ಅವನು, ತಲೆಯೆತ್ತದೆ.

"ಇದರ ಬೆನ್ನಿಗೆ ಅರಿಶಿನ ಯಾಕೆ ಮೆತ್ತಿದ್ರಿ ಮಾವ?"

ಅವನು ಇನ್ನೂ ಎರಡು ಮೂರು ಕಾಯಿ ಬಿಡಿಸಿದ. ಸುಳ್ಳು ಹೇಳುತ್ತಾನೆ ಎಂದುಕೊಂಡಳು. ಹೇಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಆಟದಲ್ಲಿ ಪೆಟ್ಟಾಗುವುದೆಂದು ಹೆದರಿದೆ ಅನ್ನಲಿ, ಓದು ಹಾಳಾಗುವುದೆಂದು ಮಾಡಿದೆ ಅನ್ನಲಿ. ಅಷ್ಟಾದರೆ ತಾನು ಕ್ಷಮಿಸಬಹುದು.

ನಂಜಯ್ಯ ಗುಂಡ್ಲುಪೇಟೆಯ ಮೊದಲ ಆಟದ ಕತೆ ಹೇಳಿದ. ಆಟ ಮುಗಿದ ಮೇಲೆ ಬೇಗೂರಿನ ಹುಡುಗರು ಅವನ ಮುಂದೆಯೇ ಪಟಾಕಿ ಹಚ್ಚಿ, ಏನ್ ಪೂಜಾರಪ್ಪ, ನಿಮ್ಮಮ್ಮನ ಶಕ್ತಿ ಇಷ್ಟೇಯಾ ಎಂದು ಕೇಳಿದರಂತೆ. ಆವತ್ತಿನಿಂದ ಅವನಿಗೆ ಅನ್ನ ಇಳಿದಿಲ್ಲ. ಕಣ್ಣು ಮುಚ್ಚಿದರೆ ಹಿಂದೆ ಸರಿಯುವ ಶೃತಿಯ ಕಾಲೇ ಕಾಣುತ್ತದೆ. ನಲವತ್ತು ವರ್ಷದಿಂದ ಕಬಡ್ಡಿ ನೋಡಿದವನು ನಾನು, ಮೂರು ಆಟ ಸಾಕು ನನಗೆ, ಅವಳು ಆಟಗಾರ್ತಿಯಲ್ಲ ಎಂದ.

"ಇನ್ನೂ ಆರು ಆಟ ಇದ್ವು ಮಾವ."

"ಇದ್ವಲ್ಲ, ಅದ್ಕೇ ಮಾಡ್ಬುಟ್ಟೆ."

"ಅವಳು ನಿಮ್ಮ ಮೊಮ್ಮಗಳು."

"ಮನೇಲಿ ಮೊಮ್ಮಗಳು ಕಣವ್ವ. ಗೆರೆ ಒಳಕ್ಕೋದ್ರೆ ಊರ ಆಳು." ಅವನು ಈಗ ತಲೆಯೆತ್ತಿದ. "ಊರ್ನವ್ರು ತೆಗ್ದಿದ್ರೆ ಜನ ತೆಗುದ್ರು ಅಂತ ಸಾಯೋವರ್ಗೂ ಕೊರಗ್ತಿದ್ಲು. ಅಮ್ಮ ತೆಗುದ್ಲು ಅಂದ್ರೆ ಯಾರ ಮೇಲೂ ಕ್ವಾಪ ಇಲ್ಲ. ನೀನೂ ಬಾಯ್ಬುಡ್ಬ್ಯಾಡ. ಗುಡಿ ಮಾತು ನಿಂತೋದ್ರೆ ಈ ಮನೇಲಿ ಏನೈತೆ?"

ಅವಳು ಬಾಯಿ ಬಿಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

ನಾಲ್ಕನೆಯ ಭಾನುವಾರ ಹರದನಹಳ್ಳಿ ಗೆದ್ದಿತು. ಕುಮಾರಿ ತಂದದ್ದು ನಾಲ್ಕೇ ಅಂಕ. ಎದುರಾಳಿ ತಂಡದಲ್ಲಿ ಇಬ್ಬರು ಜ್ವರವೆಂದು ಬಂದಿರಲಿಲ್ಲ. ಅದನ್ನೆಲ್ಲ ಯಾರು ಲೆಕ್ಕಿಸುತ್ತಾರೆ? ಅಮ್ಮ ಕೊಟ್ಟ ಅಪ್ಪಣೆ ಸುಳ್ಳಾಗುತ್ತದೆಯೇ ಎಂದು ಊರು ಹಿಗ್ಗಿತು. ನಂಜಯ್ಯ ಅರ್ಧ ಕೇಜಿ ಜಿಲೇಬಿ ತಂದು ಮೊದಲ ತುಂಡನ್ನು ಮೊಮ್ಮಗಳ ಕೈಗೇ ಕೊಟ್ಟ. ಶೃತಿ ಅದನ್ನು ಕಣ್ಣಿಗೊತ್ತಿಕೊಂಡು ತಿಂದಳು, ಅಮ್ಮನ ಪ್ರಸಾದವೆಂಬಂತೆ. ಬಾಗಿಲ ಸಂದಿಯಿಂದ ಅದನ್ನು ಕಂಡ ಶಿವಲಕ್ಷ್ಮಿ, ಗುಡಿಯ ಮಾತು ಹೋದರೆ ಹೋಗಲಿ ಎಂದು ಗಟ್ಟಿಮಾಡಿಕೊಂಡಳು. ಊರಿಗೆ ಹೇಳುವ ಧೈರ್ಯ ಅವಳಿಗಿರಲಿಲ್ಲ. ಮಗಳಿಗಾದರೂ ಹೇಳಬೇಕು.

ಸೋಮವಾರ ಅವಳೂ ಶೃತಿಯ ಜೊತೆ ಬೆಳಗಿನ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋದಳು. ಬಸ್ ನಿಲ್ದಾಣದ ಸಿಮೆಂಟ್ ಬೆಂಚಿನ ಮೇಲೆ ಕೂತು, ಅರಿಶಿನದ ವಿಷಯ, ನಂಜಯ್ಯ ಆಡಿದ ಮಾತು, ಒಂದೂ ಬಿಡದೆ ಹೇಳಿದಳು. ನಿನ್ನನ್ನು ಬೇಡ ಅಂದದ್ದು ಅಮ್ಮನಲ್ಲ, ನಿನ್ನ ತಾತ ಎಂದು ಮುಗಿಸಿದಳು. ಶೃತಿಯ ಮುಖ ಮೊದಲು ಬೆಳ್ಳಗಾಯಿತು, ಆಮೇಲೆ ನಿಧಾನವಾಗಿ ಬಣ್ಣ ಬಂತು. ತಾತನನ್ನು ಬೈಯುತ್ತಾಳೆ ಎಂದು ತಾಯಿ ಕಾದಳು.

"ಹೀಗೆ ಅರಿಶಿನ ಹಚ್ತಾರೆ ಅಂತ ನಿಂಗೆ ಮೊದ್ಲಿಂದ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಯಾಕೆ ಒಪ್ಕಂಡೆ?"

"ನಿನ್ನ ಕಡೆಗೇ ಬೀಳಿಸ್ತಾರೆ ಅಂತ ನಂಬಿದ್ದೆ ಮಗಾ."

ಶೃತಿ ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಅಂದ್ರೆ ನನ್ನ ಆಟದಿಂದ ನಾನು ಉಳ್ಕೊಳ್ಳಲ್ಲ ಅಂತ ನೀನೂ ತೀರ್ಮಾನ ಮಾಡಿದ್ದೆ. ತಾತ ಮೋಸ ಮಾಡಿ ತೆಗುದ್ರು, ನೀನು ಮೋಸ ಮಾಡಿ ಇಟ್ಕಳಕ್ಕೆ ನೋಡ್ದೆ. ಆಡಿ ಉಳ್ಕೊತೀನಿ ಅಂತ ಒಬ್ರಿಗೂ ಅನ್ನಿಸ್ನಿಲ್ಲ. ಮೂರೇ ಆಟ ಅಮ್ಮ."

ಹಾಗಲ್ಲ ಎನ್ನಬೇಕಿತ್ತು. ಮೊದಲ ಆಟದ ಹನ್ನೊಂದು ಅಂಕ ನನಗೊಬ್ಬಳಿಗೇ ನೆನಪಿದೆ ಎನ್ನಬೇಕಿತ್ತು. ಆದರೆ ಅಷ್ಟು ನೆನಪಿದ್ದವಳು ಬುಧವಾರ ಅರಳಿಕಟ್ಟೆಯಲ್ಲಿ ಅದನ್ನು ಯಾಕೆ ಹೇಳಲಿಲ್ಲ ಎಂದು ಮಗಳು ಕೇಳುತ್ತಾಳೆ.

ಕಾಲೇಜಿಗೆ ಹೊತ್ತಾಗಿತ್ತು. ಶೃತಿ ಕಾಲೇಜಿನ ದಾರಿ ಹಿಡಿಯಲಿಲ್ಲ. ಗುಂಡ್ಲುಪೇಟೆಯ ಬಸ್ ನಿಂತಿದ್ದ ಕಡೆ ನಡೆದಳು. ಶಿವಲಕ್ಷ್ಮಿ ಹಿಂದೆಯೇ ಹೋದಳು.

"ಅಪ್ಪನ ರೂಮಲ್ಲಿ ಇರ್ತೀನಿ. ಅಲ್ಲಿಂದ್ಲೇ ಕಾಲೇಜಿಗೆ ಓಡಾಡ್ತೀನಿ. ಬಟ್ಟೆ ಕಳ್ಸು" ಎಂದಳು ಶೃತಿ ಮೆಟ್ಟಿಲ ಮೇಲೆ ನಿಂತು.

"ಆಟ ಬಿಟ್ಬಿಡ್ತೀಯಾ?"

ಹುಡುಗಿ ತಾಯಿಯನ್ನು ಒಮ್ಮೆ ನೋಡಿದಳು. ಎದುರಾಳಿಯ ಅಂಕಣಕ್ಕೆ ಕಾಲಿಡುವ ಮುಂಚೆ ಅವಳು ಎದುರಿಗಿರುವ ಏಳು ಜನರನ್ನು ನೋಡುತ್ತಿದ್ದುದು ಹೀಗೆಯೇ, ಯಾರು ಎಲ್ಲಿಂದ ಹಿಡಿದಾರು ಎಂದು.

"ಅದನ್ನ ನಿಂಗೆ ಹೇಳಲ್ಲ" ಎಂದು ಒಳಗೆ ಹೋದಳು.

ಕಂಡಕ್ಟರ್ ಸೀಟಿ ಊದಿದ. ಶಿವಲಕ್ಷ್ಮಿ ಬಾಗಿಲ ಕಂಬಿಯಿಂದ ಕೈ ತೆಗೆದಳು.